ಕರೆಂಟ್ ಬಂದ ಮಾತ್ರಕ್ಕೆ ರಿಪೇರಿ ಆಯ್ತು ಅಂತಲ್ಲ

ಮನೆಯ ಕರೆಂಟ್ ಕೈಕೊಡುವುದು ರಾತ್ರಿ ಹೊತ್ತೇ ಜಾಸ್ತಿ ಅಂತ ಎಲ್ಲರೂ ಗೊಣಗುತ್ತಾರೆ. ಆ ಗೊಣಗಾಟದಲ್ಲಿ ಸ್ವಲ್ಪ ನಿಜವೂ ಇದೆ. ಸಂಜೆಯಾದ ಮೇಲೆ ಮನೆಮಂದಿಯೆಲ್ಲ ಒಳಗಿರುತ್ತಾರೆ, ಗೀಸರ್, ವಾಷಿಂಗ್ ಮೆಷಿನ್, ಎಲೆಕ್ಟ್ರಿಕ್ ಒಲೆ, ಎಸಿಯೋ ಹೀಟರೋ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ, ತಿಂಗಳುಗಟ್ಟಲೆ ಹೇಗೋ ತಡೆದುಕೊಂಡಿದ್ದ ಒಂದು ಲೂಸ್ ಸ್ಕ್ರೂ ಸರಿಯಾಗಿ ಆ ಹೊತ್ತಿಗೇ ಕೈಚೆಲ್ಲುತ್ತದೆ. ಆಮೇಲಿನದು ಗೊತ್ತಿದ್ದದ್ದೇ. ಮೊಬೈಲ್ ಟಾರ್ಚ್ ಹಿಡಿದು ನಂಬರ್ ಹುಡುಕುವುದು, ಮೊದಲು ಸಿಕ್ಕವರಿಗೆ ಫೋನ್ ಮಾಡಿ "ಬೇಗ ಬನ್ನಿ" ಅನ್ನುವುದು, ಅವರು ಬಂದು ಬೋರ್ಡ್ ಬಿಚ್ಚಿ ಏನೋ ಮಾಡುವುದು, ಲೈಟ್ ಹತ್ತುವುದು, ದುಡ್ಡು ಕೊಟ್ಟು ಕಳಿಸಿ ಮಲಗುವುದು.

ನನ್ನ ತಕರಾರು ಇರುವುದೆಲ್ಲ ಆ "ಏನೋ ಮಾಡುವುದು" ಅನ್ನುವುದರ ಮೇಲೆ. ಏನು ಮಾಡಿದರು, ಯಾಕೆ ಹೋಗಿತ್ತು, ಮತ್ತೆ ಹೋಗುತ್ತದಾ ಅಂತ ಯಾರೂ ಕೇಳುವುದಿಲ್ಲ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಆಫ್ ಆಗುವ ಬೋರ್ಡಿನ ಸ್ವಿಚ್, ಬಿತ್ತು ಅಂದರೆ ಅದು ಕೆಟ್ಟಿದೆ ಅಂತಲ್ಲ, ಬಹುತೇಕ ಸಲ ಅದು ತನ್ನ ಕೆಲಸ ಮಾಡಿದೆ ಅಂತ ಅರ್ಥ. ಅದು ಯಾಕೆ ಬಿತ್ತು ಅಂತ ಹುಡುಕದೆ ಬರೀ ಕರೆಂಟ್ ತರಿಸುವವರಿಗೆ ಅವಸರದ ದುಡ್ಡು ಕೊಟ್ಟರೆ, ನಾವು ಕೊಂಡದ್ದು ಒಂದು ರಾತ್ರಿಯ ಬೆಳಕು ಅಷ್ಟೆ.

ಮೊದಲು ಇದು ನಿಜವಾಗಿ ಅವಸರದ ಕೆಲಸವಾ ಅಂತ ನೋಡಿಕೊಳ್ಳಿ. ಒಂದು ಬಲ್ಬ್ ಹತ್ತುತ್ತಿಲ್ಲ, ಒಂದು ಪ್ಲಗ್ ಪಾಯಿಂಟ್ ಕೆಲಸ ಮಾಡುತ್ತಿಲ್ಲ, ವಾಸನೆ ಇಲ್ಲ, ಬಿಸಿ ಇಲ್ಲ, ಸದ್ದಿಲ್ಲ ಅಂದರೆ ಆ ಲೈನಿನ ಎಂಸಿಬಿ ಆಫ್ ಮಾಡಿ ಬೆಳಗಿನವರೆಗೆ ಬಿಡಬಹುದು. ರಾತ್ರಿ ಕರೆಸಿದರೆ ದುಡ್ಡು ಜಾಸ್ತಿ, ಸಾಮಾನಿನ ಅಂಗಡಿ ಮುಚ್ಚಿರುತ್ತದೆ, ಬರುವವರೂ ದಿನವಿಡೀ ದುಡಿದು ಸುಸ್ತಾಗಿರುತ್ತಾರೆ. ಆದರೆ ಕೆಲವಕ್ಕೆ ಕಾಯುವ ಹಾಗೇ ಇಲ್ಲ. ಸುಟ್ಟ ವಾಸನೆ, ಸ್ವಿಚ್ಚಿನಲ್ಲಿ ಚಟಚಟ ಸದ್ದು, ಮುಟ್ಟಿದರೆ ಬಿಸಿಯಾಗಿರುವ ಸಾಕೆಟ್, ನಲ್ಲಿ ಮುಟ್ಟಿದಾಗ ಜುಂ ಅನ್ನುವುದು, ಬೋರ್ಡಿನ ಮೇಲೆ ನೀರು ಇಳಿದಿರುವುದು, ಮನೆಯಲ್ಲಿ ಯಾರಿಗೋ ಕರೆಂಟಿನಲ್ಲಿ ಓಡುವ ಆಸ್ಪತ್ರೆ ಉಪಕರಣ ಬೇಕಾಗಿರುವುದು. ಇಂಥದ್ದಕ್ಕೆ ನಡುರಾತ್ರಿಯಾದರೂ ಫೋನ್ ಮಾಡಿ, ಸಂಕೋಚ ಬೇಡ.

ವಾಸನೆಯ ಬಗ್ಗೆ ಒಂದು ಮಾತು. ಸ್ವಿಚ್, ಸಾಕೆಟ್ ಮಾಡುವ ಕೆಲವು ಪ್ಲಾಸ್ಟಿಕ್‌ಗಳು ಕಾದಾಗ ಮೀನಿನ ವಾಸನೆ ಬರುತ್ತದೆ. ಸುಟ್ಟ ರಬ್ಬರಿನ ವಾಸನೆಯಾದರೆ ಎಲ್ಲರಿಗೂ ಅನುಮಾನ ಬರುತ್ತದೆ, ಮೀನಿನ ವಾಸನೆ ಬಂದರೆ ಮಾತ್ರ ಜನ ಕಿಟಕಿ ತೆಗೆದು, ಕಸದ ಡಬ್ಬಿ ಖಾಲಿ ಮಾಡಿ, ನೆಲ ಒರೆಸಿ ಸುಮ್ಮನಾಗುತ್ತಾರೆ. ಒಂದೇ ಮೂಲೆಯಿಂದ ಆ ವಾಸನೆ ಬಂದು ಹೋಗಿ ಮಾಡುತ್ತಿದ್ದರೆ, ಅದರಲ್ಲೂ ಯಾವುದೋ ದೊಡ್ಡ ಮೆಷಿನ್ ಓಡುವಾಗಲೇ ಬರುತ್ತಿದ್ದರೆ, ಹತ್ತಿರದ ಸಾಕೆಟ್ ಕಡೆ ನೋಡಿ.

ಇಡೀ ಮನೆ ಕತ್ತಲಾಗಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವ ಮುಂಚೆ ಕಿಟಕಿಯಿಂದ ಆಚೆ ಒಮ್ಮೆ ನೋಡಿ. ಪಕ್ಕದ ಮನೆಯಲ್ಲೂ ಇಲ್ಲ ಅಂದರೆ ಅದು ಕರೆಂಟ್ ಕಂಪನಿಯ ಕೆಲಸ, ಇವರು ಬಂದರೂ ಏನೂ ಮಾಡಲಾರರು. ನಿಮ್ಮ ಮನೆಯಲ್ಲಿ ಮಾತ್ರ ಹೋಗಿದೆ, ಆದರೆ ಬೋರ್ಡಿನಲ್ಲಿ ಎಲ್ಲ ಸ್ವಿಚ್ಚೂ ಆನ್ ಇದೆ ಅಂದರೆ ತೊಂದರೆ ಮೀಟರ್ ಕಡೆ ಅಥವಾ ಕಂಬದ ಕಡೆ ಇರಬಹುದು, ಆಗಲೂ ಮೊದಲ ಫೋನ್ ಅವರಿಗೇ ಹೋಗಲಿ. ಮೀಟರಿಗೂ ಅದರ ಹಿಂದಿನ ಫ್ಯೂಸಿಗೂ ಸೀಲ್ ಇರುವುದು ಸುಮ್ನೆ ಅಲ್ಲ. "ಸೀಲ್ ಒಡೆದು ನೋಡ್ತೀನಿ ಬಿಡಿ" ಅನ್ನುವ ಎಲೆಕ್ಟ್ರಿಷಿಯನ್ ಎಷ್ಟೇ ಜಾಣನಾಗಿರಲಿ, ಬೇಡ ಅನ್ನಿ.

ಇನ್ನೊಂದು ಲಕ್ಷಣವಿದೆ, ಇದನ್ನು ನೋಡಿದ ತಕ್ಷಣ ಬೇರೆ ಯೋಚನೆ ಮಾಡದೆ ಮೇನ್ ಸ್ವಿಚ್ ಇಳಿಸಿಬಿಡಬೇಕು. ಕೆಲವು ಲೈಟ್ ಕಣ್ಣು ಕುಕ್ಕುವಷ್ಟು ಜೋರಾಗಿ, ಇನ್ನು ಕೆಲವು ಮಂಕಾಗಿ ಉರಿಯುವುದು, ಫ್ಯಾನ್ ಇದ್ದಕ್ಕಿದ್ದ ಹಾಗೆ ಹುಚ್ಚು ಸ್ಪೀಡಿನಲ್ಲಿ ತಿರುಗುವುದು. ಇದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಕಡಿದಿದೆ ಅನ್ನುವುದರ ಗುರುತು. ಸರಿಯಾದ ನ್ಯೂಟ್ರಲ್ ಇರುವಾಗ ಕರೆಂಟ್ ತರುವ ಒಂದೊಂದು ಫೇಸ್ ವೈರಿಗೂ 230 ವೋಲ್ಟ್ ಹಂಚಿಕೆಯಾಗುತ್ತದೆ. ನ್ಯೂಟ್ರಲ್ ಹೋದರೆ ಈ ಹಂಚಿಕೆಯ ಲೆಕ್ಕ ತಪ್ಪುತ್ತದೆ, ಒಂದು ಕಡೆ 100 ಬಂದರೆ ಇನ್ನೊಂದು ಕಡೆ 300ಕ್ಕೂ ಮೇಲೆ ಏರಬಹುದು, 400ರ ಹತ್ತಿರಕ್ಕೂ ಹೋಗಬಹುದು. ಮನೆಗೆ 120 ವೋಲ್ಟ್ ಬರುವ ದೇಶಗಳಲ್ಲೂ ಕಥೆ ಇದೇ, ಅಲ್ಲಿ ಅದು 240ರ ಕಡೆಗೆ ಏರುತ್ತದೆ. ಟಿವಿ, ಫ್ರಿಜ್, ಚಾರ್ಜರ್ ಎಲ್ಲ ಒಂದೇ ಏಟಿಗೆ ಹೋಗುವುದು ಹೀಗೆ. ಎಂಸಿಬಿಗೆ ವೋಲ್ಟೇಜ್ ಏರಿದ್ದು ಗೊತ್ತಾಗುವುದಿಲ್ಲ, ಅದು ಎಣಿಸುವುದು ಆಂಪಿಯರ್ ಮಾತ್ರ. ಮೇನ್ ಇಳಿಸಿ, ಆಮೇಲೆ ಫೋನ್.

ಕಾಯುವಾಗ ನಾವೇ ಮಾಡಬಹುದಾದ ಕೆಲಸವೂ ಇದೆ, ಮಾಡಬಾರದ್ದೂ ಇದೆ. ವಾಸನೆ, ಕಿಡಿ, ನೀರು ಯಾವುದೂ ಇಲ್ಲದಿದ್ದರೆ ಬಿದ್ದ ಎಂಸಿಬಿಯನ್ನು ಒಮ್ಮೆ ಆನ್ ಮಾಡಿ ನೋಡಬಹುದು. ಕೆಲವು ಎಂಸಿಬಿಗಳನ್ನು ಮೊದಲು ಪೂರ್ತಿ ಆಫ್ ಕಡೆಗೆ ತಂದು ಆಮೇಲೆ ಎತ್ತಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಮತ್ತೆ ಬಿತ್ತಾ? ಬಿಟ್ಟುಬಿಡಿ. ಮತ್ತೆ ಮತ್ತೆ ಎತ್ತಿದರೆ ಪ್ರತಿ ಸಲವೂ ಶಾರ್ಟ್ ಆದ ಜಾಗಕ್ಕೆ ನಾವೇ ಕರೆಂಟ್ ನುಗ್ಗಿಸಿದ ಹಾಗೆ. ಎಂಸಿಬಿ ಬೀಳದ ಹಾಗೆ ಬೆರಳಲ್ಲಿ ಒತ್ತಿ ಹಿಡಿಯುವವರನ್ನೂ ನೋಡಿದ್ದೇನೆ. ಅದರಿಂದ ಏನೂ ಉಪಯೋಗವಿಲ್ಲ, ಒಳಗಿನ ಯಂತ್ರ ಬೆರಳಿನ ಮಾತು ಕೇಳುವುದಿಲ್ಲ.

ಬಿದ್ದಿರುವುದು ಆರ್‌ಸಿಸಿಬಿ ಆದರೆ, ಅಂದರೆ ಟೆಸ್ಟ್ ಅಂತ ಸಣ್ಣ ಬಟನ್ ಇರುವ ಅಗಲದ ಸ್ವಿಚ್, ಆಟ ಬೇರೆ. ಅದು ನೋಡುವುದು ಲೋಡ್ ಎಷ್ಟು ಅಂತಲ್ಲ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುತ್ತದೆ. ವ್ಯತ್ಯಾಸ ಬಂದರೆ ಎಲ್ಲೋ ನೆಲಕ್ಕೆ ಸೋರುತ್ತಿದೆ ಅಂತ ಲೆಕ್ಕ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿ ಆಂಪಿಯರಿನದು, ಅಂದರೆ ಒಂದು ಆಂಪಿಯರಿನ ನೂರರಲ್ಲಿ 3 ಪಾಲು ಸೋರಿದರೂ 0.3 ಸೆಕೆಂಡಿನೊಳಗೆ ಬೀಳಬೇಕು. ಮನುಷ್ಯನ ಜೀವ ಉಳಿಸುವುದು ಇದು. ಎಂಸಿಬಿ ಕಾಪಾಡುವುದು ವೈರನ್ನು, ಅದು ಬೀಳುವಷ್ಟು ಕರೆಂಟ್ ಮೈಯಲ್ಲಿ ಹರಿಯುವ ತನಕ ಯಾರೂ ಬದುಕಿರುವುದಿಲ್ಲ. ಇವೆರಡರಲ್ಲಿ ಯಾವುದು ಬಿತ್ತು ಅಂತ ಫೋನಿನಲ್ಲಿ ಹೇಳಿದರೆ ಬರುವವರಿಗೆ ಅರ್ಧ ಕೆಲಸ ಹಗುರವಾಗುತ್ತದೆ.

ಆರ್‌ಸಿಸಿಬಿ ಬಿದ್ದಾಗ, ಕೈ ಕಾಲು ಒಣಗಿದ್ದರೆ, ಒಂದು ಪರೀಕ್ಷೆ ನೀವೇ ಮಾಡಬಹುದು. ಎಲ್ಲ ಪ್ಲಗ್ಗೂ ಕಿತ್ತುಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು. ಆಮೇಲೆ ಆರ್‌ಸಿಸಿಬಿ ಎತ್ತಿ. ನಿಂತಿತು ಅಂದರೆ ತೊಂದರೆ ಯಾವುದೋ ಉಪಕರಣದಲ್ಲಿದೆ, ಒಂದೊಂದನ್ನೇ ಚುಚ್ಚುತ್ತಾ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ. ನೀರು ಕಾಯಿಸುವ ಉಪಕರಣಗಳ ಮೇಲೆ ನನಗೆ ಮೊದಲ ಅನುಮಾನ, ಕಾಯಿಲ್ ಹೊದಿಕೆ ಬಿರುಕು ಬಿಟ್ಟು ನೀರು ಒಳಗೆ ಸೇರಿರುತ್ತದೆ. ಎಲ್ಲ ಕಿತ್ತರೂ ಬೀಳುತ್ತಿದ್ದರೆ ವೈರಿಂಗ್‌ನಲ್ಲೇ ಇದೆ. ಇಲ್ಲೊಂದು ವಿಚಿತ್ರ ಉಂಟು: ತೊಂದರೆ ಇರುವ ಲೈನಿನ ಎಂಸಿಬಿ ಆಫ್ ಮಾಡಿಟ್ಟರೂ, ಬೇರೆ ರೂಮಿನ ಲೈಟ್ ಹಾಕಿದ ತಕ್ಷಣ ಆರ್‌ಸಿಸಿಬಿ ಬೀಳಬಹುದು. ಯಾಕೆಂದರೆ ಒಂಟಿ ಕಡ್ಡಿಯ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೇ ಸೇರಿಕೊಂಡಿರುತ್ತದೆ. ಆ ಲೈನಿನ ನ್ಯೂಟ್ರಲ್ ಎಲ್ಲೋ ಅರ್ಥ್ ವೈರಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರಿಗೆ, ತಗುಲಿದ್ದರೆ ಬೇರೆ ರೂಮಿನ ಕರೆಂಟ್ ಆ ದಾರಿಯಲ್ಲೂ ಸ್ವಲ್ಪ ಹರಿದುಹೋಗುತ್ತದೆ. ಇದು ಗೊತ್ತಿಲ್ಲದವರು ಸರಿಯಿರುವ ಆರ್‌ಸಿಸಿಬಿಯನ್ನೇ "ಹಾಳಾಗಿದೆ" ಅಂತ ಕಿತ್ತುಬಿಡುತ್ತಾರೆ. ಇನ್ನೂ ಕೆಟ್ಟದು, ಅದನ್ನು ಬಿಟ್ಟು ನೇರವಾಗಿ ಜೋಡಿಸಿ ಹೋಗುತ್ತಾರೆ. ಕರೆಂಟೂ ಬರುತ್ತದೆ, ಮನೆಯವರಿಗೆ ಖುಷಿಯೂ ಆಗುತ್ತದೆ. ಕಾಪಾಡುತ್ತಿದ್ದದ್ದು ಮಾತ್ರ ಇಲ್ಲ.

ಮಾಡಬಾರದ್ದು ಸರಳ. ನೆಲದಲ್ಲಿ ನೀರು ನಿಂತಿದ್ದರೆ ಅದರಲ್ಲಿ ಕಾಲಿಟ್ಟು ಬೋರ್ಡಿನ ಹತ್ತಿರ ಹೋಗಬೇಡಿ, ಹೊರಗಿನಿಂದ ಕಂಪನಿಯವರಿಗೆ ಕಡಿಯಲು ಹೇಳಿ. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಇಳಿಸಿ, ಆಮೇಲೆ ಆಂಬುಲೆನ್ಸ್. ಅವರು ಎದ್ದು ಕೂತು "ಏನಾಗಿಲ್ಲ" ಅಂದರೂ ಡಾಕ್ಟರಿಗೆ ತೋರಿಸಿ. ಬೋರ್ಡಿಗೆ ಬೆಂಕಿ ಹಿಡಿದರೆ ಎಲೆಕ್ಟ್ರಿಷಿಯನ್ ಅಲ್ಲ, ಅಗ್ನಿಶಾಮಕದವರು ಬೇಕು, ನೀರು ಎರಚುವ ಹಾಗಿಲ್ಲ.

ಈಗ ಫೋನ್ ಮಾಡುವ ವಿಷಯ. "ಕರೆಂಟಿಲ್ಲ, ಬನ್ನಿ" ಅಂದರೆ ಅವರು ಯಾವ ಸಾಮಾನು ತರಬೇಕು? ಎಲ್ಲಿ ಇದೆ ಎಲ್ಲಿ ಇಲ್ಲ, ಯಾವ ಸ್ವಿಚ್ ಬಿದ್ದಿದೆ, ಎತ್ತಿದರೆ ತಕ್ಷಣ ಬೀಳುತ್ತದಾ ಅಥವಾ ಸ್ವಲ್ಪ ಹೊತ್ತು ನಿಂತು ಬೀಳುತ್ತದಾ, ಹೋಗುವ ಮುಂಚೆ ಏನು ನಡೆಯುತ್ತಿತ್ತು, ಇಷ್ಟು ಹೇಳಿ. ತಕ್ಷಣ ಬೀಳುವುದಕ್ಕೂ ನಿಧಾನಕ್ಕೆ ಬೀಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎಂಸಿಬಿಯೊಳಗೆ ಎರಡು ಬಗೆಯ ಕಾವಲು ಇರುತ್ತದೆ. ಮೊದಲನೆಯದು ಎರಡು ಲೋಹ ಸೇರಿಸಿದ ಪಟ್ಟಿ, ಲೋಡ್ ಜಾಸ್ತಿಯಾದಾಗ ಕಾದು ಬಾಗಿ ನಿಧಾನಕ್ಕೆ ಬೀಳಿಸುತ್ತದೆ. ಇನ್ನೊಂದು ಕಾಯಿಲ್, ಶಾರ್ಟ್ ಆದಾಗ ಕಣ್ಣು ಮಿಟುಕಿಸುವುದರೊಳಗೆ ಎಳೆದುಹಾಕುತ್ತದೆ. ಹಾಗಾಗಿ "ಐದು ನಿಮಿಷ ನಿಂತು ಬಿತ್ತು" ಅಂದರೆ ಲೋಡ್ ಅಥವಾ ಬಿಸಿ, "ಎತ್ತಿದ ಕೂಡಲೇ ಟಪ್ ಅಂತು" ಅಂದರೆ ಶಾರ್ಟ್ ಅಂತ ಅವರು ಫೋನಿನಲ್ಲೇ ಊಹಿಸುತ್ತಾರೆ. ಬೋರ್ಡಿನ ಕವರ್ ತೆಗೆಯದೆ ಒಂದು ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು.

ಮರೆಯಬಾರದ ಒಂದು ಮಾತು: ಮನೆಯಲ್ಲಿ ಇನ್ವರ್ಟರ್, ಸೋಲಾರ್, ಜನರೇಟರ್ ಏನಾದರೂ ಇದ್ದರೆ ಮೊದಲೇ ಹೇಳಿ. ಮೇನ್ ಇಳಿಸಿದ ಮೇಲೂ ಇನ್ವರ್ಟರ್ ಕೆಲವು ಲೈನಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಸೋಲಾರ್ ಪ್ಯಾನಲ್ ಬಿಸಿಲಿರುವಷ್ಟು ಹೊತ್ತು ತನ್ನ ಪಾಡಿಗೆ ಕರೆಂಟ್ ಹುಟ್ಟಿಸುತ್ತಿರುತ್ತದೆ. ಬಂದವರು ಮೇನ್ ಆಫ್ ಇದೆ ಅಂತ ನಂಬಿ ಕೈಹಾಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಅದೇ ಫೋನಿನಲ್ಲಿ ದುಡ್ಡಿನ ಮಾತೂ ಆಗಲಿ. ಮುಜುಗರ ಬೇಡ. ಬರುವುದಕ್ಕೇ ಎಷ್ಟು, ಅದರಲ್ಲಿ ಎಷ್ಟು ಹೊತ್ತಿನ ಕೆಲಸ ಸೇರಿದೆ, ಗಂಟೆ ಲೆಕ್ಕ ಅವರು ಮನೆ ಬಿಟ್ಟಾಗಿನಿಂದಲೋ ನಮ್ಮ ಬಾಗಿಲಿಗೆ ಬಂದಾಗಿನಿಂದಲೋ, ಸಾಮಾನಿನ ದುಡ್ಡು ಬೇರೆಯಾ, ತೊಂದರೆ ಸಿಗದಿದ್ದರೆ ಎಷ್ಟು ಕೊಡಬೇಕು. ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಡುವವರ ಜೊತೆ ಆಮೇಲೆ ಜಗಳ ಆಗುವುದು ಕಡಿಮೆ. ಲೈಸೆನ್ಸ್ ಇದೆಯಾ ಅಂತಲೂ ಕೇಳಿ. "ಅದೆಲ್ಲ ಬಂದು ನೋಡಿ ಹೇಳ್ತೀನಿ" ಅನ್ನುವುದು ರಿಪೇರಿಯ ಖರ್ಚಿಗೆ ಸರಿ. ಬರುವ ಚಾರ್ಜಿಗೂ ಲೈಸೆನ್ಸಿಗೂ ಅದೇ ಉತ್ತರ ಬಂದರೆ ನಾನು ಇನ್ನೊಂದು ನಂಬರ್ ಹುಡುಕುತ್ತೇನೆ.

ಬಂದವರು ಹೇಗೆ ಕೆಲಸ ಶುರು ಮಾಡುತ್ತಾರೆ ಅಂತ ನೋಡುವುದು ನನಗೆ ಈಗ ಅಭ್ಯಾಸವಾಗಿಬಿಟ್ಟಿದೆ. ಬಾಗಿಲಿಂದ ನೇರ ಬೋರ್ಡಿಗೆ ಹೋಗಿ ಸ್ಕ್ರೂಡ್ರೈವರ್ ಹಾಕುವವರಿದ್ದಾರೆ. ಮೊದಲು ಪ್ರಶ್ನೆ ಕೇಳುವವರಿದ್ದಾರೆ. ಎರಡನೆಯವರನ್ನು ಬಿಡಬೇಡಿ. ಒಳ್ಳೆಯವರ ಒಂದು ಸಣ್ಣ ಗುರುತು ಹೇಳುತ್ತೇನೆ, ನೋಡಿ. ಒಂದು ಲೈನ್ ಆಫ್ ಆಗಿದೆಯಾ ಅಂತ ಪರೀಕ್ಷೆ ಮಾಡುವ ಮುಂಚೆ ತಮ್ಮ ಟೆಸ್ಟರನ್ನು ಕರೆಂಟ್ ಇರುವುದು ಖಾತ್ರಿಯಿರುವ ಜಾಗದಲ್ಲಿ ಇಟ್ಟು ನೋಡುತ್ತಾರೆ. ಆಮೇಲೆ ಕೆಲಸದ ಜಾಗದಲ್ಲಿ ನೋಡುತ್ತಾರೆ. ಮತ್ತೆ ಹಳೇ ಜಾಗಕ್ಕೇ ಹೋಗಿ ಇನ್ನೊಮ್ಮೆ ನೋಡುತ್ತಾರೆ. ಯಾಕೆಂದರೆ ಟೆಸ್ಟರ್ ನಡುವೆಯೇ ಕೆಟ್ಟಿದ್ದರೆ "ಕರೆಂಟಿಲ್ಲ" ಅನ್ನುವುದು ಸುಳ್ಳಾಗುತ್ತದೆ. ಅರ್ಧ ನಿಮಿಷದ ಕೆಲಸ, ಆದರೆ ಇದನ್ನು ಮಾಡುವವರು ಉಳಿದ ಕೆಲಸದಲ್ಲೂ ಅಡ್ಡದಾರಿ ಹಿಡಿಯುವುದು ಕಡಿಮೆ. ಬರೀ ಹಿಡಿಯಲ್ಲಿ ಕೆಂಪು ಲೈಟ್ ಹತ್ತುವ ಪೆನ್ ಟೆಸ್ಟರ್ ಒಂದನ್ನೇ ನಂಬಿ ವೈರಿಗೆ ಕೈಹಾಕುವವರನ್ನು ಕಂಡರೆ ನನಗೇ ಎದೆ ಡವಡವ ಅನ್ನುತ್ತದೆ. ಆ ಲೈಟ್ ಹತ್ತಿದರೆ ಕರೆಂಟಿದೆ ಅನ್ನಬಹುದು, ಹತ್ತದಿದ್ದರೆ ಇಲ್ಲ ಅಂತ ಹೇಳಲಾಗದು.

ಅವರು ಕೆಲಸ ಮಾಡುವಾಗ ನಮ್ಮ ಕಡೆಯಿಂದ ಆಗಬೇಕಾದದ್ದು ಒಂದೇ, ಮನೆಯವರೆಲ್ಲರಿಗೂ "ಯಾರೂ ಬೋರ್ಡ್ ಮುಟ್ಟಬೇಡಿ" ಅಂತ ಹೇಳುವುದು. ಒಳಗಿನ ರೂಮಿಂದ ಎದ್ದು ಬಂದವರು "ಓ, ಮೇನ್ ಬಿದ್ದಿದೆ" ಅಂತ ಎತ್ತಿಬಿಡುವುದು ಬಹಳ ಸುಲಭ. ಆಫ್ ಮಾಡಿದ ಸ್ವಿಚ್ಚಿನ ಮೇಲೆ ಒಂದು ಟೇಪ್ ಅಂಟಿಸಿದರೆ ಮುಗಿಯಿತು.

ನಾನು ನೋಡಿದ ಒಂದು ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಈ ಪೋಸ್ಟ್ ಬರೆಯಲು ಅದೇ ಕಾರಣ. ನಮ್ಮ ಮನೆಯ ಒಂದು ಲೈನಿನಲ್ಲಿ ಲೈಟ್ ಆಗಾಗ ಮಿಣುಕುತ್ತಿತ್ತು, ಆಮೇಲೆ ಒಂದು ಸಂಜೆ ವಾಸನೆ. ಮುಂಚೆ ಒಬ್ಬರು ಬಂದು ಎಂಸಿಬಿ ಹೊಸದು ಹಾಕಿ ಹೋಗಿದ್ದರು. ಈ ಸಲ ಬಂದವರು ಬೋರ್ಡನ್ನು ಸುಮ್ಮನೆ ನೋಡಿ ಬಿಟ್ಟರು, ಆ ಲೈನಿನ ಒಂದೊಂದು ಸಾಕೆಟ್ ಮೇಲೂ ಅಂಗೈ ಇಟ್ಟು ಬಿಸಿ ನೋಡುತ್ತಾ ಹೋದರು. ಮೂಲೆಯ ಸಾಕೆಟ್ ಹತ್ತಿರ ನಿಂತರು. ಎಂಸಿಬಿ ಇಳಿಸಿ, ಪರೀಕ್ಷೆ ಮಾಡಿ, ಪ್ಲೇಟ್ ಬಿಚ್ಚಿದರೆ ಹಿಂದೆ ಒಂದು ಸ್ಕ್ರೂ ಸುತ್ತ ಕಂದು ಬಣ್ಣದ ಉಂಗುರ. ವೈರಿನ ತುದಿಯ ತಾಮ್ರ ಹೊಳಪು ಕಳೆದುಕೊಂಡು ಕಪ್ಪಾಗಿತ್ತು, ಮೇಲಿನ ಪ್ಲಾಸ್ಟಿಕ್ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಸ್ಕ್ರೂ ಕೈಯಲ್ಲೇ ತಿರುಗಿತು. "ನೋಡಿ ಮೇಡಂ, ಇದು ಎಂಸಿಬಿ ಬೀಳಿಸೋ ತೊಂದರೆನೇ ಅಲ್ಲ" ಅಂದರು.

ಅವರ ಮಾತು ಆಗ ಪೂರ್ತಿ ಅರ್ಥವಾಗಿರಲಿಲ್ಲ, ಆಮೇಲೆ ಕೂತು ಲೆಕ್ಕ ಹಾಕಿದೆ. ಲೂಸ್ ಆದ ಜಾಗದಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಸೇರಿಕೊಂಡಿದೆ ಅಂತಿಟ್ಟುಕೊಳ್ಳಿ, ಆ ಲೈನಿನಲ್ಲಿ 10 ಆಂಪಿಯರ್ ಹರಿಯುತ್ತಿದೆ. 10ನ್ನು 10ರಿಂದ ಗುಣಿಸಿ ಅರ್ಧ ಮಾಡಿದರೆ ಅಲ್ಲಿ ಹುಟ್ಟುವ ಬಿಸಿ 50 ವ್ಯಾಟ್. ವೈರ್‌ಗಳಿಗೆ ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಕೂಡ ಹೆಚ್ಚುಕಡಿಮೆ ಅಷ್ಟೇ ವ್ಯಾಟಿನದು. ಅಂಥದ್ದೊಂದು ಗೋಡೆಯೊಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಂಟೆಗಟ್ಟಲೆ ಬಿಸಿಯಾಗುತ್ತಾ ಕೂತಿದೆ. ಹಾಗಿದ್ದರೂ ಲೈನಿನಲ್ಲಿ ಹರಿಯುತ್ತಿರುವುದು ಬರೀ 10 ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದು ತನ್ನ ಅಳತೆಯ 1.13 ಪಟ್ಟು, ಅಂದರೆ ಸುಮಾರು 18 ಆಂಪಿಯರ್ ಹರಿದರೂ ಒಂದು ಗಂಟೆ ಬೀಳದೆ ನಿಲ್ಲಬೇಕು. 1.45 ಪಟ್ಟು, ಸುಮಾರು 23 ಆಂಪಿಯರ್ ಆದರೆ ಒಂದು ಗಂಟೆಯೊಳಗೆ ಬೀಳಬೇಕು. ಆರ್‌ಸಿಸಿಬಿಗೂ ಇದು ಕಾಣುವುದಿಲ್ಲ, ಹೋದದ್ದೆಲ್ಲ ವಾಪಸ್ ಬರುತ್ತಿದೆಯಲ್ಲ. ಇಂಥ ಜಾಗದಲ್ಲಿ ಹಾರುವ ಕಿಡಿಯನ್ನು ಗುರುತಿಸುವ ಎಎಫ್‌ಡಿಡಿ ಅನ್ನುವ ಬೇರೆ ಸಾಧನ ಇದೆ, ಆದರೆ ಹಳೇ ಮನೆಗಳಲ್ಲಿ ಅದನ್ನು ನಿರೀಕ್ಷಿಸುವ ಹಾಗಿಲ್ಲ. ಅದಿಲ್ಲದ ಮನೆಯಲ್ಲಿ ಲೂಸ್ ಕನೆಕ್ಷನ್ ಹಿಡಿಯುವುದು ಮೂಗು, ಕಣ್ಣು, ಅಂಗೈ. ಮತ್ತು ಅಷ್ಟು ವ್ಯವಧಾನ ಇರುವ ಮನುಷ್ಯ.

ಇದೇ ಕಾರಣಕ್ಕೆ "ಎಂಸಿಬಿ ಚಿಕ್ಕದಾಯ್ತು, ದೊಡ್ಡದು ಹಾಕ್ತೀನಿ" ಅನ್ನುವ ಮಾತು ಕೇಳಿದರೆ ನಾನು ಅಲ್ಲೇ ತಡೆಯುತ್ತೇನೆ. ಎಂಸಿಬಿ ಅಳತೆ ನಿರ್ಧರಿಸುವುದು ಗೋಡೆಯೊಳಗಿನ ವೈರಿನ ದಪ್ಪ, ನಮ್ಮ ಆಸೆಯಲ್ಲ. 1.5 ಚದರ ಮಿಲಿಮೀಟರ್ ವೈರಿನ ಲೈನಿಗೆ 32 ಆಂಪಿಯರ್ ಎಂಸಿಬಿ ಹಾಕಿದರೆ ಇನ್ನು ಮೇಲೆ ಆ ವೈರೇ ಫ್ಯೂಸ್. ಹಳೇ ಬೋರ್ಡಿನ ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಇದೇ ಜಾತಿಯ ಕೆಲಸ. ಇನ್ನೊಂದು ಕಳ್ಳದಾರಿ ಹೊರಗಿಂದ ಕಾಣುವುದೇ ಇಲ್ಲ. ಒಂದು ರೂಮಿಗೆ ನ್ಯೂಟ್ರಲ್ ಎಲ್ಲೋ ಗೋಡೆಯೊಳಗೆ ಕಡಿದುಹೋಗಿರುತ್ತದೆ, ಹುಡುಕಲು ಹೊತ್ತು ಬೇಕು, ಹಾಗಾಗಿ ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿಬಿಡುತ್ತಾರೆ. ಲೈಟ್ ಚೆನ್ನಾಗಿಯೇ ಉರಿಯುತ್ತದೆ. ಮುಂದೊಂದು ದಿನ ಆ ಅರ್ಥ್ ವೈರ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಬಾಗಿಲಿಗೆ, ವಾಷಿಂಗ್ ಮೆಷಿನ್ ಮೈಗೆ ಕರೆಂಟ್ ಬಂದು ಕೂರುತ್ತದೆ. ಆರ್‌ಸಿಸಿಬಿ ಇರುವ ಮನೆಯಲ್ಲಿ ಹೀಗೆ ಮಾಡಿದರೆ ಅದು ನಿಲ್ಲುವುದಿಲ್ಲ, ಅದಕ್ಕೇ ಇಂಥವರು ಮೊದಲು ಅದನ್ನೇ ಕೀಳಲು ನೋಡುತ್ತಾರೆ. "ನ್ಯೂಟ್ರಲ್ ಎಲ್ಲಿಂದ ತಂದ್ರಿ?" ಅಂತ ಒಂದು ಪ್ರಶ್ನೆ ಕೇಳಿ ನೋಡಿ. ನಿಮಗೆ ವೈರಿಂಗ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಎದುರಿನವರ ಮುಖ ಓದಲು ಬಂದರೆ ಸಾಕು.

ನಮ್ಮ ಮನೆಗೆ ಬಂದವರು ಆ ಸುಟ್ಟ ಭಾಗ ಕತ್ತರಿಸಿ ನೋಡಿದರು, ಆಚೆಗೂ ವೈರ್ ಗಟ್ಟಿಯಾಗಿ ಒಣಗಿತ್ತು. "ಇವತ್ತು ರಾತ್ರಿಗೆ ಈ ಲೈನ್ ಬೇಡ ಮೇಡಂ, ಬಿಡಿಸಿ ಇಡ್ತೀನಿ. ಹಗಲು ಬಂದು ಹೊಸ ವೈರ್ ಎಳೀತೀನಿ" ಅಂದರು. ಮಿಕ್ಕ ರೂಮುಗಳಿಗೆ ಕರೆಂಟ್ ಕೊಟ್ಟು, ಆ ಒಂದು ಲೈನನ್ನು ಬೋರ್ಡಿನಿಂದಲೇ ಬಿಡಿಸಿ, ತುದಿಗೆ ಕನೆಕ್ಟರ್ ಹಾಕಿ ಚೀಟಿ ಅಂಟಿಸಿದರು. ಮನೆಯಲ್ಲಿ ಒಬ್ಬರಿಗೆ ಸಿಟ್ಟು ಬಂತು, ಇಷ್ಟು ದುಡ್ಡು ಕೊಟ್ಟೂ ಒಂದು ರೂಮು ಕತ್ತಲಾ ಅಂತ. ನನಗೆ ಅನಿಸುವುದು ಉಲ್ಟಾ. ರಾತ್ರಿ ಕರೆಸಿದ ಎಲೆಕ್ಟ್ರಿಷಿಯನ್ನಿನ ನಿಜವಾದ ಕೆಲಸ ಅಪಾಯವನ್ನು ಬೇರೆ ಮಾಡಿ ಮಿಕ್ಕದ್ದನ್ನು ನಡೆಸುವುದು. ಸುಸ್ತಾದ ಕಣ್ಣಲ್ಲಿ, ಟಾರ್ಚ್ ಬೆಳಕಲ್ಲಿ, ಬ್ಯಾಗಿನಲ್ಲಿದ್ದ ತುಂಡು ವೈರಿನಲ್ಲಿ ಪೂರ್ತಿ ರಿಪೇರಿ ಮಾಡಲು ಹೊರಡುವವರಿಗಿಂತ "ಇದು ಬೇಡ" ಅನ್ನುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಬಂದು ಹೋಗುವ ತೊಂದರೆ ಇದ್ದರೆ, ಉದಾಹರಣೆಗೆ ಮಳೆ ಬಂದಾಗ ಮಾತ್ರ ಆರ್‌ಸಿಸಿಬಿ ಬೀಳುವುದು, ಎಲೆಕ್ಟ್ರಿಷಿಯನ್ ಬಂದಾಗ ಎಲ್ಲ ಸರಿಯಿರುತ್ತದೆ. ಇದು ಹಲ್ಲುನೋವಿನ ಹಾಗೆ, ಡಾಕ್ಟರ ಬಾಗಿಲಲ್ಲಿ ಮಾಯ. ಯಾವಾಗ ಬಿತ್ತು, ಆಗ ಏನು ಓಡುತ್ತಿತ್ತು, ಮಳೆ ಇತ್ತಾ ಅಂತ ಮೊಬೈಲಿನಲ್ಲಿ ಬರೆದಿಡಿ, ಲೈಟ್ ಮಿಣುಕುವುದರ ವಿಡಿಯೋ ಮಾಡಿ. ಮಳೆಯ ಜೊತೆ ಬರುವುದಾದರೆ ಹೊರಗಿನ ಲೈಟು, ಗೇಟಿನ ಬೆಲ್ಲು, ನೀರಿನ ಪಂಪು ಇವುಗಳಿಂದ ಶುರು ಮಾಡಲು ಹೇಳಿ.

ಹೋಗುವ ಮುಂಚೆ ಬಿಲ್ ಕೇಳಿ, ಅದರಲ್ಲಿ ಏನು ತೊಂದರೆ ಸಿಕ್ಕಿತು, ಏನು ಬದಲಾಯಿಸಿದರು, ಏನು ಬಾಕಿ ಇದೆ ಅಂತ ಎರಡು ಸಾಲು ಬರೆಸಿಕೊಳ್ಳಿ. ತೆಗೆದ ಹಳೇ ಸಾಮಾನು ಕೇಳಿ ನೋಡಿ. ಕಾರಣ ಸಿಗಲಿಲ್ಲ ಅಂದರೆ ಅದನ್ನೂ ಹಾಗೇ ಬರೆಯಲಿ, ತಪ್ಪೇನಿಲ್ಲ, ಮುಂದೆ ಬರುವವರಿಗೆ ಅದೂ ಒಂದು ಸುಳಿವು.

ಹಗಲು ಬಂದಾಗ ಮಾಡಿಸಬೇಕಾದ್ದು ಮೂರು ಇವೆ. ಬಿಡಿಸಿಟ್ಟ ಲೈನಿಗೆ ಮೆಗ್ಗರ್ ಹಾಕಿಸಿ. ಅದು 500 ವೋಲ್ಟ್ ಡಿಸಿ ಕೊಟ್ಟು ವೈರಿನ ಹೊದಿಕೆ ಎಷ್ಟು ಗಟ್ಟಿ ಅಂತ ಅಳೆಯುತ್ತದೆ, 230 ವೋಲ್ಟಿನ ಲೈನಿಗೆ ಕನಿಷ್ಠ 1 ಮೆಗಾಓಮ್ ಬರಬೇಕು, ಚೆನ್ನಾಗಿರುವ ವೈರಿಂಗ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸುತ್ತದೆ. ಅಳೆಯುವ ಮುಂಚೆ ಆ ಲೈನಿನ ಟಿವಿ, ಕಂಪ್ಯೂಟರ್, ಎಲ್‌ಇಡಿ ಬಲ್ಬ್ ಎಲ್ಲ ಬಿಚ್ಚಿರಬೇಕು, ಇಲ್ಲದಿದ್ದರೆ 500 ವೋಲ್ಟ್ ಅವುಗಳ ಮೇಲೆ ಬೀಳುತ್ತದೆ. ಬೋರ್ಡಿನ ಎಲ್ಲ ಸ್ಕ್ರೂ ಸರಿಯಾಗಿ ಬಿಗಿ ಮಾಡಿಸಿ. ಆಮೇಲೆ ಯಾವ ಎಂಸಿಬಿ ಯಾವ ರೂಮಿಗೆ ಅಂತ ಒಂದೊಂದಾಗಿ ಆಫ್ ಮಾಡಿ ನೋಡಿ ಹೆಸರು ಬರೆಸಿ, ಅಳಿಸದ ಪೆನ್ನಿನಲ್ಲಿ. ನಮ್ಮ ಬೋರ್ಡಿನಲ್ಲಿ "ಹಾಲ್" ಅಂತ ಬರೆದದ್ದನ್ನು ಆಫ್ ಮಾಡಿದಾಗ ಹೋದದ್ದು ಬಚ್ಚಲಿನ ಲೈಟು.